ಕೋಲ್ಕತ್ತದ ಟ್ರಾಮ್ ಉಳಿಯಲಿ

ಸಂಪಾದಕರೇ,

ಕೋಲ್ಕತ್ತದ ಟ್ರಾಮ್‌ಗಳನ್ನು ನಿಲ್ಲಿಸಿ, ಎಸ್‌ಪ್ಲನೇಡ್–ಮೈದಾನದ ಒಂದು ಮಾರ್ಗವನ್ನು ಮಾತ್ರ ಉಳಿಸಿಕೊಳ್ಳುತ್ತೇವೆ ಎಂದು ಅಲ್ಲಿನ ಸರ್ಕಾರ 2024ರಲ್ಲಿ ಹೇಳಿತು. ನನಗೆ ಇದು ತುಂಬಾ ಬೇಸರದ ಸಂಗತಿ.

1873ರಲ್ಲಿ ಸಿಯಾಲ್ದಾದಿಂದ ಆರ್ಮೇನಿಯನ್ ಘಾಟ್‌ವರೆಗೆ ಕುದುರೆಗಳು ಎಳೆಯುವ ಟ್ರಾಮ್ ಶುರುವಾಯಿತು, ಜನ ಸಾಲದೆ ಅದೇ ವರ್ಷ ನಿಂತೂ ಹೋಯಿತು. ಆದರೂ ಕೈಬಿಡಲಿಲ್ಲ. 1880ರಲ್ಲಿ ಹೊಸ ಕಂಪನಿ ಬಂತು, ಉಗಿ ಎಂಜಿನ್ ಕೂಡ ಪ್ರಯತ್ನಿಸಿದರು, ಕೊನೆಗೆ 1902ರಲ್ಲಿ ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಓಡಿತು. 1953ರಲ್ಲಿ ಎರಡನೇ ದರ್ಜೆಯ ಟಿಕೆಟ್‌ಗೆ ಒಂದು ಪೈಸೆ ಜಾಸ್ತಿ ಮಾಡಿದ್ದಕ್ಕೆ ಊರಿಗೆ ಊರೇ ಬೀದಿಗಿಳಿಯಿತು, ಕಂಪನಿ ಹಿಂದೆ ಸರಿಯಬೇಕಾಯಿತು. ಬಡವರಿಗೆ ಟ್ರಾಮ್ ಎಷ್ಟು ಬೇಕಾಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮದ್ರಾಸ್ 1953ರಲ್ಲಿ, ಮುಂಬೈ 1964ರಲ್ಲಿ ತಮ್ಮ ಟ್ರಾಮ್ ಕಳೆದುಕೊಂಡವು. ಉಳಿದದ್ದು ಇದೊಂದೇ. ಟ್ರಾಮ್ ನಿಧಾನ, ಟ್ರಾಫಿಕ್‌ಗೆ ಅಡ್ಡ ಅನ್ನುತ್ತಾರೆ. ಆದರೆ ಹಳಿಯ ಮೇಲೆ ಕಾರು, ಬಸ್ಸು, ಆಟೊ ಎಲ್ಲವನ್ನೂ ಬಿಟ್ಟರೆ ಯಾವ ಟ್ರಾಮ್ ತಾನೇ ಜೋರಾಗಿ ಓಡೀತು? ಮೆಲ್ಬರ್ನ್ ತನ್ನ ಟ್ರಾಮ್‌ಗಳನ್ನು ಇಂದಿಗೂ ದಿನನಿತ್ಯದ ಸಾರಿಗೆಯಾಗಿ ಓಡಿಸುತ್ತಿದೆ, ಅಲ್ವಾ?

ಹೊಗೆ ಬಿಡದ ಈ ಗಾಡಿಯನ್ನು ಸುಮ್ನೆ ಪ್ರವಾಸಿಗರ ಆಟಿಕೆ ಮಾಡಬೇಡಿ. ಶ್ಯಾಮ್‌ಬಜಾರ್, ಗಡಿಯಾಹಾಟ್ ಮಾರ್ಗಗಳಲ್ಲಾದರೂ ಹಳಿಗೆ ಬೇರೆ ದಾರಿ ಮಾಡಿಕೊಟ್ಟು, ಹೊಸ ಗಾಡಿ ಬಿಟ್ಟು ನೋಡಲಿ.

— ಓದುಗ, ಬೆಂಗಳೂರು