ಹುಡುಗರ ಹಿಂದಿರುವ ‘ಅಣ್ಣ’ನನ್ನೂ ಹಿಡಿಯಿರಿ

ಮಾನ್ಯರೇ,

ಬೆಂಗಳೂರಿನಲ್ಲಿ ಹದಿಹರೆಯದ ಹುಡುಗರು ಲಾಂಗು, ಮಚ್ಚು ಹಿಡಿದು ರೀಲ್ಸ್ ಮಾಡಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ಸಿನಿಮಾವನ್ನೂ ಮೊಬೈಲನ್ನೂ ದೂರುವುದು ವಾಡಿಕೆಯಾಗಿದೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಅದು ಅರ್ಧಸತ್ಯವೆನಿಸುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ, ಕೆಲಸಕ್ಕೆ ಸೇರುವ ವಯಸ್ಸೂ ಆಗದೆ, ಅಪ್ಪ ಕುಡಿತಕ್ಕೆ ಬಿದ್ದು ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಮನೆಯಲ್ಲಿ ಹಗಲಿಡೀ ಒಂಟಿಯಾಗಿರುವ ಹುಡುಗನಿಗೆ ಬೀದಿ ಕೊನೆಯ ಟೀ ಅಂಗಡಿಯೇ ಗತಿಯಾಗುತ್ತದೆ. ಅಲ್ಲಿ ಏರಿಯಾದ ‘ಅಣ್ಣ’ ಮೊದಲು ಬನ್ನು, ಟೀ ಕೊಡಿಸುತ್ತಾನೆ, ಆಮೇಲೆ ಬೈಕಿಗೆ ಪೆಟ್ರೋಲು ಹಾಕಿಸುತ್ತಾನೆ, ಹುಟ್ಟುಹಬ್ಬದ ಫ್ಲೆಕ್ಸಿನ ಮೂಲೆಯಲ್ಲಿ ಹುಡುಗನ ಫೋಟೊವನ್ನೂ ಸೇರಿಸುತ್ತಾನೆ. ಕೆಲವು ತಿಂಗಳು ಕಳೆದ ಮೇಲೆ ಒಂದು ಪೊಟ್ಟಣ ಕೈಗಿತ್ತು ‘ತಲುಪಿಸಿ ಬಾ’ ಎನ್ನುತ್ತಾನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಾರಿ ತಪ್ಪಿದ್ದು ಹೀಗೆಯೇ. ಎಂಟನೇ ತರಗತಿಯಿಂದಲೇ ವಾರಕ್ಕೆರಡು ದಿನ ಗೈರಾಗುತ್ತಿದ್ದ ಅವನ ಮನೆಗೆ ನಾನೂ ಸೇರಿದಂತೆ ಯಾವ ಶಿಕ್ಷಕರೂ ಹೋಗಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ; ನಾನು ಕಂಡಂತೆ ಹುಡುಗರು ಕೈತಪ್ಪುವುದು ಅದರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ. 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್, ಮಕ್ಕಳನ್ನು ಅಕ್ರಮ ಕೃತ್ಯಗಳಿಗೆ ಬಳಸುವ ವಯಸ್ಕರಿಗೆ 7 ವರ್ಷಗಳವರೆಗಿನ ಕಠಿಣ ಸಜೆ ಹಾಗೂ 5 ಲಕ್ಷ ರೂಪಾಯಿ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಹುಡುಗ ಸಿಕ್ಕಿಬಿದ್ದಾಗ ಅವನ ಹಿಂದಿರುವ ‘ಅಣ್ಣ’ನ ಮೇಲೂ ಪೊಲೀಸರು ಈ ಸೆಕ್ಷನ್ ಹಾಕಲಿ, ಹಾಜರಿ ಪುಸ್ತಕದಲ್ಲಿ ಗೈರು ಹೆಚ್ಚಿದ ಮಕ್ಕಳ ಮನೆಗೆ ಶಾಲೆಗಳು ಜುಲೈ ತಿಂಗಳಲ್ಲೇ ಹೋಗಿ ಬರಲಿ.

– ನಿವೃತ್ತ ಶಿಕ್ಷಕ, ಬೆಂಗಳೂರು