ರೈಕ್ಸ್‌ಮ್ಯೂಸಿಯಂಗೆ ಒಂದು ದಿನ: ಅಕ್ಕನಿಗೆ ಪತ್ರ

ಆಮ್‌ಸ್ಟರ್‌ಡ್ಯಾಮ್

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಇಲ್ಲಿಗೆ ಬಂದಾಗ ನೋಡಬೇಕೆಂದು ನೀನು ಕಳಿಸಿದ ಪಟ್ಟಿ ನೋಡಿದೆ. ಒಂದೇ ದಿನಕ್ಕೆ ಈ ದೇಶದ ರಾಷ್ಟ್ರೀಯ ಮ್ಯೂಸಿಯಂ ಆದ ರೈಕ್ಸ್‌ಮ್ಯೂಸಿಯಂ, ವ್ಯಾನ್ ಗೋ ಮ್ಯೂಸಿಯಂ ಎರಡನ್ನೂ ಹಾಕಿದ್ದೀಯ. ಎರಡೂ ಒಂದೇ ಮೈದಾನದ ಅಂಚಿನಲ್ಲಿವೆ, ನಿಜ. ಆದರೆ ಅಮ್ಮ ಜೊತೆಗಿರುವಾಗ ಆ ದಿನಕ್ಕೆ ರೈಕ್ಸ್‌ಮ್ಯೂಸಿಯಂ ಒಂದೇ ಸಾಕು. ಅಲ್ಲಿ 80 ಕೋಣೆಗಳಲ್ಲಿ ಸುಮಾರು 8,000 ವಸ್ತುಗಳಿವೆ. ಎರಡು ಗಂಟೆ ನೋಡಿದ ಮೇಲೆ ಕಾಲಿಗಿಂತ ಮೊದಲು ಕಣ್ಣು ಸೋಲುತ್ತದೆ. ಆಮೇಲೆ ಎಂಥ ಚಿತ್ರ ಎದುರಿಗಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಪಟ್ಟಿಯಲ್ಲಿರುವ ವರ್ಮೀರನ ಚಿತ್ರ ‘ಮುತ್ತಿನ ಓಲೆಯ ಹುಡುಗಿ’ ಈ ಊರಲ್ಲಿಲ್ಲ, ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ವ್ಯಾನ್ ಗೋನ ‘ನಕ್ಷತ್ರಗಳ ರಾತ್ರಿ’ ನ್ಯೂಯಾರ್ಕಿನಲ್ಲಿದೆ. ಇಲ್ಲಿರುವ ಕೃತಿಗಳೂ ಆಗಾಗ ಬೇರೆ ಮ್ಯೂಸಿಯಂಗಳಿಗೆ ಎರವಲು ಹೋಗುತ್ತವೆ. ಆದ್ದರಿಂದ ಟಿಕೆಟ್ ಮಾಡುವ ಮುಂಚೆ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಕೃತಿಯ ಹೆಸರು ಹಾಕಿ, ಈಗ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೋ.

ಮ್ಯೂಸಿಯಂ ವರ್ಷದ 365 ದಿನವೂ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಟಿಕೆಟ್ಟನ್ನು ಆನ್‌ಲೈನಿನಲ್ಲಿ, ಒಳಗೆ ಹೋಗುವ ಸಮಯ ಆರಿಸಿಯೇ ಕೊಳ್ಳಬೇಕು. 9 ಗಂಟೆಯದನ್ನೇ ಹಿಡಿ. ಮಗುವಿಗೆ ದುಡ್ಡಿಲ್ಲ, 18 ವರ್ಷದವರೆಗೆ ಉಚಿತ. ಆದರೂ ಬುಕ್ ಮಾಡುವಾಗ ಅವಳನ್ನೂ ಸೇರಿಸು. ಹಣ ಕಟ್ಟುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟನ್ನು ಆನ್ ಮಾಡು. ನಮ್ಮ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಆಗಿರುತ್ತದೆ, ಪೇಮೆಂಟ್ ಕೈಕೊಡುವುದು ಹೆಚ್ಚಾಗಿ ಅದರಿಂದಲೇ.

ಸೆಂಟ್ರಲ್ ಸ್ಟೇಷನ್ನಿನಿಂದ 2 ಅಥವಾ 12ನೇ ನಂಬರಿನ ಟ್ರ್ಯಾಮ್ ಹತ್ತಿ. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಹತ್ತುವಾಗಲೂ ಇಳಿಯುವಾಗಲೂ ಯಂತ್ರಕ್ಕೆ ತೋರಿಸಬೇಕು. ಇಳಿಯುವಾಗ ಮರೆತರೆ ಹೆಚ್ಚು ಹಣ ಹೋಗುತ್ತದೆ. ಒಂದು ಕಾರ್ಡಿಗೆ ಒಬ್ಬರೇ. ನಿನ್ನದನ್ನೇ ಅಮ್ಮನಿಗೂ ತೋರಿಸಿದರೆ ಯಂತ್ರ ಅದನ್ನು ನೀನು ಇಳಿದೆ ಎಂದು ಲೆಕ್ಕ ಹಾಕುತ್ತದೆ. ಅಮ್ಮನಿಗೆ ಒಂದು ಗಂಟೆಯ ಟಿಕೆಟ್ ಬೇರೆ ತೆಗೆದುಬಿಡು.

ಮ್ಯೂಸಿಯಂ ಬಾಗಿಲು ಕಟ್ಟಡದ ಕೆಳಗೆ ಹಾದುಹೋಗುವ ಕಮಾನುದಾರಿಯಲ್ಲಿದೆ. ಅದರ ನಡುವೆಯೇ ಸೈಕಲ್ಲುಗಳು ಜೋರಾಗಿ ಓಡುತ್ತವೆ. ಫೋಟೋ ತೆಗೆಯಲು ನಡುದಾರಿಗೆ ಇಳಿಯಬೇಡಿ, ಭಾವನಿಗೂ ಹೇಳು. ದೊಡ್ಡ ಬ್ಯಾಗು, ಕೊಡೆ ಒಳಗೆ ಬಿಡುವುದಿಲ್ಲ. ಅವನ್ನಿಡುವ ಜಾಗಕ್ಕೆ ದುಡ್ಡಿಲ್ಲ. ಅಮ್ಮನಿಗೆ ನಡೆಯಲು ಕಷ್ಟವಾದರೆ ಗಾಲಿಕುರ್ಚಿ ಸಿಗುತ್ತದೆ, ಲಿಫ್ಟೂ ಇದೆ.

ಒಳಗೆ ಹೋದವರು ಕೆಳಗಿನಿಂದ ಒಂದೊಂದೇ ಕೋಣೆ ನೋಡುತ್ತ ಹೊರಡುವುದೇ ದೊಡ್ಡ ತಪ್ಪು. 17ನೇ ಶತಮಾನದ ಚಿತ್ರಗಳೆಲ್ಲ 2ನೇ ಮಹಡಿಯಲ್ಲಿವೆ. ಅಲ್ಲಿಗೆ ತಲುಪುವಷ್ಟರಲ್ಲಿ ಜನ ತುಂಬಿರುತ್ತಾರೆ. ನೇರವಾಗಿ ಮೇಲೆ ಹತ್ತಿ ಮೊದಲು ವರ್ಮೀರನ ‘ಹಾಲು ಸುರಿಯುವ ಹೆಂಗಸು’ ಚಿತ್ರಕ್ಕೆ ಹೋಗು. ಅದರ ಎತ್ತರ ಬರೀ 45 ಸೆಂಟಿಮೀಟರ್ ಚಿಲ್ಲರೆ, ಮುಂದೆ ಹತ್ತು ಜನ ನಿಂತರೆ ಕಾಣುವುದೇ ಇಲ್ಲ. ಬಿಳಿ ಗೋಡೆಯ ಮೇಲಿನ ಮೊಳೆ, ಅದರ ನೆರಳು, ರೊಟ್ಟಿಯ ಮೇಲೆ ಚುಕ್ಕಿಚುಕ್ಕಿಯಾಗಿ ಇಟ್ಟ ಬೆಳಕು, ಇವನ್ನು ತಪ್ಪದೆ ನೋಡು. ಅವಳು ಸೊಂಟಕ್ಕೆ ಕಟ್ಟಿದ ಏಪ್ರನ್ನಿನ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಬಣ್ಣ.

ಅದೇ ಪಡಸಾಲೆಯ ತುದಿಗೆ ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ರಾತ್ರಿ ಪಹರೆ’ ಇದೆ. ಸುಮಾರು 3.8 ಮೀಟರ್ ಎತ್ತರ, 4.5 ಮೀಟರ್ ಅಗಲ. 1715ರಲ್ಲಿ ಪುರಭವನದ ಗೋಡೆಗೆ ಹೊಂದಿಸಲೆಂದು ನಾಲ್ಕೂ ಕಡೆ ಕತ್ತರಿಸಿದರು; ಹೆಚ್ಚು ಹೋದದ್ದು ಎಡಗಡೆ. ಹೆಸರಿಗೆ ರಾತ್ರಿಯಾದರೂ ಅದು ಹಗಲಿನ ಚಿತ್ರ, ಮೇಲಿನ ವಾರ್ನಿಷ್ ಕಪ್ಪಾಗಿ ಹಾಗೆ ಕಂಡಿತು. 2024ರ ನವೆಂಬರ್‌ನಿಂದ ಹಳೆಯ ವಾರ್ನಿಷ್ ತೆಗೆಯುವ ಕೆಲಸವನ್ನು ಗಾಜಿನ ಕೋಣೆಯೊಳಗೆ ಎಲ್ಲರ ಎದುರಿಗೇ ನಡೆಸುತ್ತಿದ್ದಾರೆ. ಚಿತ್ರ ಪೂರ್ತಿ ಬಿಚ್ಚಿಟ್ಟಂತೆ ಕಾಣದಿದ್ದರೆ ಬೇಸರ ಬೇಡ, ಆ ಕೆಲಸ ನೋಡುವುದೂ ದೊಡ್ಡ ಭಾಗ್ಯ. ಮಗುವಿಗೆ ಅದೇ ಮಹಡಿಯ ಗೊಂಬೆಮನೆ ತೋರಿಸು.

ಹನ್ನೊಂದಕ್ಕೆಲ್ಲ ಕೂತು ಏನಾದರೂ ತಿನ್ನಿ. ಆಮೇಲೆ ಏಷ್ಯಾ ಮಂಟಪ. ಸುತ್ತ ನೀರಿರುವ ಪ್ರತ್ಯೇಕ ಕಟ್ಟಡ, ಜನ ಕಡಿಮೆ. ಅಲ್ಲಿ ಸುಮಾರು 12ನೇ ಶತಮಾನದ ಚೋಳರ ಕಂಚಿನ ನಟರಾಜನಿದ್ದಾನೆ, ಒಂದೂವರೆ ಮೀಟರ್ ಎತ್ತರ, ಸುಮಾರು 300 ಕಿಲೋ. ಎಕ್ಸ್‌ರೇ ಮಾಡಿ ನೋಡಿದಾಗ ಒಳಗೆ ಪೊಳ್ಳಿಲ್ಲದೆ ಪೂರ್ತಿ ಎರಕವೆಂದು ಗೊತ್ತಾಗಿದೆ. ಅಮ್ಮನಿಗೆ ಯಾರೂ ವಿವರಿಸಬೇಕಾಗಿಲ್ಲ. ಅವಳ ಪಾಡಿಗೆ ನೋಡುತ್ತ ನಿಲ್ಲಲು ಬಿಡು.

ಫೋಟೋ ತೆಗೆಯಬಹುದು, ಫ್ಲ್ಯಾಷ್ ಮಾತ್ರ ಬೇಡ. ಮ್ಯೂಸಿಯಂನ ಉಚಿತ ಆ್ಯಪ್ ಇಳಿಸಿಕೊಂಡು ಬಾ, ಪ್ರತಿಯೊಬ್ಬರಿಗೂ ಒಂದೊಂದು ಇಯರ್‌ಫೋನ್ ಇರಲಿ. ದಿನಾಂಕ ಗೊತ್ತಾದ ಕೂಡಲೇ ತಿಳಿಸು.

ನಿನ್ನ ತಮ್ಮ