ಮಗಳಿಗೊಂದು ಪತ್ರ: ಅವರು ನಮ್ಮವರಲ್ಲ ಅಂದುಬಿಟ್ಟರೆ ಸಾಕಾ?

ಪುಟ್ಟಿ,

ಜರ್ಮನಿಯ ಕಲೋನ್ ತಲುಪಿದೆ, ರೂಮು ಸಿಕ್ಕಿತು, ಚಳಿ ಜಾಸ್ತಿ ಅಂತ ನೀನು ಅಪ್ಪನಿಗೆ ಮೆಸೇಜ್ ಹಾಕಿದ್ದನ್ನು ಓದಿದೆ. ನನಗೆ ಹಾಕಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಅಂತ ಗೊತ್ತಾಯಿತು. ಹೊರಡುವ ಹಿಂದಿನ ರಾತ್ರಿ ಇಬ್ಬರೂ ಏನೇನು ಅಂದುಕೊಂಡೆವು ಅನ್ನುವುದನ್ನು ಮತ್ತೆ ಬರೆಯುವುದಿಲ್ಲ, ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ಆದರೆ ಕೊನೆಗೆ ನಮ್ಮ ಚರ್ಚಿನ ಖಜಾಂಚಿಯ ಬಗ್ಗೆ ನೀನು ಹೇಳಿದೆಯಲ್ಲ, "ಆ ಅಂಕಲ್ ನಿಜವಾದ ಕ್ರೈಸ್ತರೇ ಅಲ್ಲಮ್ಮ, ಯಾವತ್ತೂ ಆಗಿರಲಿಲ್ಲ" ಅಂತ. ಆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಫೋನಿನಲ್ಲಿ ಹೇಳಿದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಅವರು ಮಾಡಿದ್ದು ಕಳ್ಳತನ. ಪಾಪ ಏನೋ ಕಷ್ಟ ಇತ್ತು, ಕೈ ತಪ್ಪಿತು ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ, ಹೇಳುವುದೂ ಇಲ್ಲ. ಚರ್ಚಿನ ಬಡವರ ನಿಧಿಯ ಲೆಕ್ಕದ ಪುಸ್ತಕವನ್ನು ನಾನು ಕಣ್ಣಾರೆ ನೋಡಿದ್ದೇನೆ. ಉದ್ದ ಹಾಳೆಯ, ಹಸಿರು ರಟ್ಟಿನ ಪುಸ್ತಕ. ಹಣ ಪಡೆದವರು ಸಹಿ ಹಾಕುವ ಜಾಗದಲ್ಲಿ ಸಾಲಾಗಿ ಹೆಬ್ಬೆಟ್ಟು. ಎಲ್ಲಕ್ಕೂ ಒಂದೇ ನೇರಳೆ ಶಾಯಿ. ಮಂಡ್ಯದ ಕಡೆಯಿಂದ ಬಂದಿರುವ ಆ ಹೆಂಗಸು ಇದ್ದಾಳಲ್ಲ, ಗಂಡ ತೀರಿಕೊಂಡ ಮೇಲೆ ಮಕ್ಕಳಿಗೆ ಟ್ಯೂಷನ್ ಹೇಳಿ ಮನೆ ನಡೆಸುವವಳು, ಅವಳ ಹೆಸರಿನ ಮುಂದೆಯೂ ಹೆಬ್ಬೆಟ್ಟು! ಮುತ್ತಿನಂಥ ಅಕ್ಷರ ಬರೆಯುವವಳು ಅವಳು. ಅವಳ ಮಗಳ ನರ್ಸಿಂಗ್ ಫೀಸಿಗೆ ಅಂತ ಬರೆದಿದ್ದ ದುಡ್ಡು ಅವಳ ಕೈಗೆ ಬಂದೇ ಇಲ್ಲ. ಆ ಪುಟ ನೋಡಿದಾಗ ನನ್ನ ಕೈ ನಡುಗಿತು.

ಇದೆಲ್ಲ ಹೊರಗೆ ಬಂದದ್ದು ನಿನ್ನಿಂದ. ವಾರ್ಷಿಕ ಸಭೆಯಲ್ಲಿ ದೊಡ್ಡವರೆಲ್ಲ ಸುಮ್ನೆ ಕೂತಿದ್ದಾಗ ನೀನು ಎದ್ದು ನಿಂತು "ಹೋದ ವರ್ಷದ ಲೆಕ್ಕ ಎಲ್ಲಿ?" ಅಂತ ಕೇಳಿದೆ. ಪಕ್ಕದಲ್ಲಿ ಕೂತವರು ನಿನ್ನ ದುಪ್ಪಟ್ಟಾ ಎಳೆದರೂ ಕೂರಲಿಲ್ಲ. ನಿನ್ನನ್ನು ಹೆತ್ತದ್ದಕ್ಕೆ ಅವತ್ತು ನನಗೆ ಎಷ್ಟು ಹೆಮ್ಮೆ ಆಯಿತು ಅಂತ ನಿನಗೆ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಆಮೇಲೆ ಕೆಲವರು ಒಳಗೊಳಗೇ ಮುಗಿಸೋಣ, ಪೊಲೀಸು ಗಿಲೀಸು ಅಂದರೆ ಹೊರಗಿನವರ ಮುಂದೆ ಮಾನ ಹೋಗುತ್ತದೆ ಅಂದರು. ಬೇಡ, ಕಂಪ್ಲೇಂಟ್ ಆಗಲೇಬೇಕು ಅಂತ ಹಟ ಹಿಡಿದವರಲ್ಲಿ ನಿನ್ನ ಅಮ್ಮನೂ ಒಬ್ಬಳು. ಇದು ನೀನು ಮರೆಯಬಾರದು.

ಹಾಗಾದರೆ ಅವರ ಮನೆಗೆ ಯಾಕೆ ಹೋದೆ, ಅವರ ಹೆಂಡತಿಯ ಜೊತೆ ಕೂತು ಪ್ರಾರ್ಥನೆ ಯಾಕೆ ಮಾಡಿದೆ, ನಮ್ಮವರು ಅಂತ ಯಾಕೆ ಅಂದೆ. ಇದೇ ಅಲ್ವಾ ನಿನ್ನ ಸಿಟ್ಟು?

ನಿನಗೆ ಡೆಂಗ್ಯೂ ಆದ ರಾತ್ರಿ ಇದೆಯಲ್ಲ, ನಾನು ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನೀನಾಗ ಚಿಕ್ಕವಳು. ಅಪ್ಪ ಊರಲ್ಲಿರಲಿಲ್ಲ. ಮಿಷನ್ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ನನ್ನ ಜೊತೆ ಬೆಳಗಿನವರೆಗೆ ಕೂತಿದ್ದವರು ಅವರೇ. ಮನೆಯಿಂದ ಗಂಜಿ ತಂದಿದ್ದರು, ಹಳೇ ಸ್ಟೀಲ್ ಫ್ಲಾಸ್ಕಿನಲ್ಲಿ. ಮುಚ್ಚಳ ಸಡಿಲ ಅಂತ ರಬ್ಬರ್ ಬ್ಯಾಂಡ್ ಸುತ್ತಿತ್ತು. ಪ್ಲೇಟ್‌ಲೆಟ್ ಬೇಕು ಅಂದಾಗ ಫೋನಿನ ಮೇಲೆ ಫೋನ್ ಮಾಡಿ ಹುಡುಗರನ್ನು ಕರೆಸಿದರು. ನಡುವೆ ನಾನು ಅತ್ತರೆ ಏನೂ ಹೇಳದೆ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಬೆಳಗ್ಗೆ ನಿನ್ನ ಜ್ವರ ಇಳಿದಾಗ ಆ ಮನುಷ್ಯ ಗೋಡೆಗೆ ತಿರುಗಿ ಅತ್ತುಬಿಟ್ಟರು. ಅದು ನಾಟಕವಾ? ಯಾರಿಗೆ ತೋರಿಸುವುದಕ್ಕೆ? ಅಲ್ಲಿ ನಾನು ಬಿಟ್ಟರೆ ಯಾರೂ ಇರಲಿಲ್ಲ. ಅವತ್ತು ಅತ್ತವರೂ ಅವರೇ, ನೇರಳೆ ಶಾಯಿಯಲ್ಲಿ ಸುಳ್ಳು ಹೆಬ್ಬೆಟ್ಟು ಒತ್ತಿದವರೂ ಅವರೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ನನಗೆ ತಲೆ ಕೆಡುತ್ತದೆ. ಆದರೆ ಒಂದನ್ನು ಉಳಿಸಿಕೊಳ್ಳುವುದಕ್ಕೆ ಇನ್ನೊಂದು ನಡೆದೇ ಇಲ್ಲ ಅನ್ನಲಾರೆ. ಆ ಫ್ಲಾಸ್ಕು ನನ್ನ ಕಣ್ಣಮುಂದೆಯೇ ಇದೆ, ಪುಟ್ಟಿ.

ಸಂಡೇ ಸ್ಕೂಲಿನಲ್ಲಿ ಅವರು ಕಲಿಸಿದ್ದೆಲ್ಲ ಸುಳ್ಳು ಅಂತಲೂ ನೀನು ಅಂದೆ. ಕಲಿಸಿದವರು ಕೆಟ್ಟರೆ ಕಲಿಸಿದ್ದೂ ಕೆಡುತ್ತದಾ ಅನ್ನುವ ಈ ಪ್ರಶ್ನೆ ನಿನ್ನೊಬ್ಬಳದಲ್ಲ, ಬಹಳ ಹಳೆಯದು. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸುವುದಕ್ಕೆ ಶುರು ಮಾಡಿದ. ಉತ್ತರ ಆಫ್ರಿಕಾದಲ್ಲಿ ಕೆಲವು ಗುರುಗಳು ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟುಬಿಟ್ಟರು. ಹಿಂಸೆ ನಿಂತ ಮೇಲೆ ಜಗಳ ಬಂತು. ಅಂಥ ದ್ರೋಹಿ ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ, ಶುದ್ಧರಾದ ನಾವು ಮಾತ್ರ ನಿಜವಾದ ಕ್ರೈಸ್ತ ಸಭೆ ಅಂತ ಒಂದು ಗುಂಪು ಬೇರೆಯಾಯಿತು. ಅವರನ್ನು ಡೊನಾಟಿಸ್ಟರು ಅಂತಾರೆ. ಆ ಜಗಳ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. 411ರಲ್ಲಿ ಅಲ್ಲಿಯ ಕಾರ್ತೇಜ್ ನಗರದಲ್ಲಿ ಎರಡೂ ಕಡೆಯ ಬಿಷಪ್ಪರು ಸೇರಿ ದೊಡ್ಡ ವಾದವೇ ಆಯಿತು. ಸಂತ ಅಗಸ್ಟಿನ್ ಅವರಿಗೆ ಕೊಟ್ಟ ಉತ್ತರ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ದೀಕ್ಷಾಸ್ನಾನ ಕ್ರಿಸ್ತನದು, ಕೊಡುವ ಮನುಷ್ಯನದಲ್ಲ, ಅವನ ಕೈ ಕೊಳಕಾದರೆ ಅದು ಕೊಳಕಾಗುವುದಿಲ್ಲ ಅಂದರು. ನಿನ್ನ ಪ್ರಾರ್ಥನೆಯೂ ಹಾಗೇ. ಅವರು ಕಲಿಸಿದರು, ಸರಿ. ಆದರೆ ಅದು ಅವರ ಆಸ್ತಿ ಅಲ್ಲ. ಅವರ ಮೇಲಿನ ಸಿಟ್ಟಿಗೆ ಅದನ್ನು ಬಿಡಬೇಡ.

ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದ ಕಳೆಯ ಸಾಮ್ಯ, ಗೋಧಿ ಹೊಲದಲ್ಲಿ ಶತ್ರು ಕಳೆ ಬಿತ್ತಿದ ಕಥೆ, ನಿನಗೆ ಗೊತ್ತು. ನಮ್ಮ ತಾತನ ಗದ್ದೆಯಲ್ಲೂ ಅಂಥದ್ದು ಬರುತ್ತಿತ್ತು. ತೆನೆ ಹೊರಡುವ ತನಕ ಬತ್ತವೇ ಅನ್ನಿಸುವ ಕಳೆ. ಅವಸರದಲ್ಲಿ ಕಿತ್ತರೆ ಪೈರೂ ಬುಡಸಮೇತ ಬರುತ್ತಿತ್ತು. ಕೊಯ್ಲಿನ ತನಕ ಬಿಡಿ ಅಂತ ಯಜಮಾನ ಹೇಳುವುದು ಅದಕ್ಕೇ. ನೀನು ತಕ್ಷಣ 7ನೇ ಅಧ್ಯಾಯ ತೆಗೆಯುತ್ತೀಯ ಅಂತಲೂ ಗೊತ್ತು. ಕರ್ತನೇ ಕರ್ತನೇ ಅಂದವರೆಲ್ಲ ಪರಲೋಕಕ್ಕೆ ಸೇರುವುದಿಲ್ಲ, ಮರವನ್ನು ಹಣ್ಣಿನಿಂದ ತಿಳಿಯಿರಿ ಅಂತ ಅಲ್ಲೇ ಇದೆ. ಒಪ್ಪುತ್ತೇನೆ. ಕೊರಿಂಥದ ಸಭೆಯಲ್ಲಿ ಒಬ್ಬ ಕೆಟ್ಟ ಕೆಲಸ ಮಾಡಿದಾಗ ಅವನನ್ನು ಹೊರಗೆ ಹಾಕಿ ಅಂತ ಅಪೊಸ್ತಲ ಪೌಲನೂ ಬರೆದ. ಆದ್ದರಿಂದ ಅವರನ್ನು ಖಜಾಂಚಿ ಕೆಲಸದಿಂದ ತೆಗೆದದ್ದು ಸರಿ, ಮತ್ತೆ ಯಾವತ್ತೂ ಹಣದ ಹತ್ತಿರ ಬಿಡಬಾರದು. ಆದರೆ ಲೆಕ್ಕದ ಪುಸ್ತಕ ನೋಡಿ ಕಳ್ಳ ಅನ್ನಬಹುದು, ಅದು ನಮ್ಮ ಕೆಲಸ. ಅವರ ಎದೆ ಬಗೆದು ನೋಡಿ, ಇಲ್ಲಿ ನಂಬಿಕೆ ಯಾವತ್ತೂ ಇರಲಿಲ್ಲ ಅಂತ ತೀರ್ಪು ಕೊಡುವ ಕೆಲಸವನ್ನು ನಮಗೆ ಯಾರೂ ಕೊಟ್ಟಿಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ನೀನೀಗ ಇರುವ ದೇಶದ್ದೇ ಉದಾಹರಣೆ ಕೊಡುತ್ತೇನೆ. ಚರಿತ್ರೆ ಮೇಷ್ಟ್ರಮ್ಮನ ಮಗಳು ನೀನು, ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಮೈಸೂರಿನ ಫಿಲೋಮಿನಾ ಚರ್ಚನ್ನು ಕಲೋನಿನ ದೊಡ್ಡ ಚರ್ಚಿನ ಮಾದರಿಯಲ್ಲೇ ಕಟ್ಟಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದ್ದು 1933ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅವನಿಗೆ ಜೈಕಾರ ಹಾಕಿದವರಲ್ಲಿ ಪ್ರತಿ ಭಾನುವಾರ ಕೀರ್ತನೆ ಹಾಡುವವರೇ ಲಕ್ಷಗಟ್ಟಲೆ ಇದ್ದರು. ಜರ್ಮನ್ ಕ್ರೈಸ್ತರು ಅಂತ ಹೆಸರಿಟ್ಟುಕೊಂಡ ಹಿಟ್ಲರ್ ಪರ ಗುಂಪು ಅದೇ ವರ್ಷ ಪ್ರೊಟೆಸ್ಟಂಟ್ ಸಭೆಯ ಚುನಾವಣೆಯನ್ನೇ ಗೆದ್ದಿತು. ಎದುರು ನಿಂತವರು ಕಡಿಮೆ. ಅವರಲ್ಲಿ ಮಾರ್ಟಿನ್ ನೀಮೊಲರ್ ಅನ್ನುವ ಪಾಸ್ಟರ್ ಒಬ್ಬರು. ಮೊದಲು ಅವರೂ ಹಿಟ್ಲರನ ಕಡೆಯೇ ಇದ್ದವರು, ಆಮೇಲೆ ವಿರೋಧಿಸಿ 1937ರಿಂದ ಯುದ್ಧ ಮುಗಿಯುವ ತನಕ ಸೆರೆಯಲ್ಲಿದ್ದರು.

1945ರ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ಅಲ್ಲಿಯ ಸಭೆಯ ಹಿರಿಯರು ಒಂದು ಹೇಳಿಕೆ ಬರೆದರು. ನೀಮೊಲರ್ ಸಹಿಯೂ ಅದರಲ್ಲಿದೆ. ಅಷ್ಟು ವರ್ಷ ಸೆರೆಯಲ್ಲಿದ್ದ ಮನುಷ್ಯ, ಆ ನಾಜಿಗಳೆಲ್ಲ ನಿಜವಾದ ಕ್ರೈಸ್ತರಾಗಿರಲಿಲ್ಲ, ನಮಗೂ ಅವರಿಗೂ ಸಂಬಂಧ ಇಲ್ಲ ಅಂದುಬಿಡಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವರು ಹಾಗೆ ಬರೆಯಲಿಲ್ಲ. ನಮ್ಮಿಂದ ಅನೇಕ ಜನಗಳಿಗೆ, ದೇಶಗಳಿಗೆ ಹೇಳಲಾರದಷ್ಟು ಕೇಡಾಯಿತು, ಇನ್ನೂ ಧೈರ್ಯವಾಗಿ ಮಾತಾಡದೆ ಹೋದದ್ದಕ್ಕೆ ನಮ್ಮ ಮೇಲೇ ನಾವು ತಪ್ಪು ಹೊರಿಸಿಕೊಳ್ಳುತ್ತೇವೆ ಅನ್ನುವ ಅರ್ಥದಲ್ಲಿ ಬರೆದರು. ಅದರಲ್ಲಿ ಯೆಹೂದ್ಯರ ಹೆಸರೇ ಇಲ್ಲ, ಅದು ದೊಡ್ಡ ಕೊರತೆ, ನಾನು ಮುಚ್ಚಿಡುವುದಿಲ್ಲ. ಆದರೂ ಅವರು ನಾವು ಅಂದರು.

ನಾನು ನಮ್ಮವರು ಅಂದದ್ದೂ ಇದೇ ಅರ್ಥದಲ್ಲಿ. ಅವರು ಹೊರಗಿನವರು ಅಂದುಬಿಟ್ಟರೆ ನಮಗೆ ಎಷ್ಟು ಸಲೀಸು ನೋಡು. ಲೆಕ್ಕ ಕೇಳದೆ ಕೂತ ನಾವೆಲ್ಲ ಒಳ್ಳೆಯವರಾಗಿ ಉಳಿದುಬಿಡುತ್ತೇವೆ. ಆ ಟ್ಯೂಷನ್ ಹೆಂಗಸಿಗೆ ನಾವು ಏನೂ ಕೊಡಬೇಕಾಗಿಲ್ಲ. ನಮ್ಮವರೇ ಅಂತ ಒಪ್ಪಿಕೊಂಡರೆ ಆಗ ಅವಳ ದುಡ್ಡು ನಮ್ಮ ಸಾಲ. ಸುಂಕ ವಸೂಲಿಯ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಹೋದದ್ದು ನಿನಗೆ ಇಷ್ಟವಾದ ಕಥೆ. ಅವನು ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ, ಬರೀ ಕಣ್ಣೀರು ಹಾಕಿ ಮುಗಿಸಲಿಲ್ಲ. ಇದನ್ನೇ ನಾನು ಅವರ ಹೆಂಡತಿಗೆ ಹೇಳಿ ಬಂದೆ. ಸೈಟು ಮಾರಲಿ, ಒಡವೆ ಮಾರಲಿ, ಮೊದಲು ಬಡವರ ದುಡ್ಡು ವಾಪಸ್ ಬರಲಿ, ಕೇಸು ಕೇಸಿನ ಪಾಡಿಗೆ ನಡೆಯಲಿ ಅಂದೆ. ಅವಳು ಅಳುತ್ತಾ ಹೂಂ ಅಂದಳು. ಆಮೇಲೆ ಪ್ರಾರ್ಥನೆ ಮಾಡಿದ್ದು.

ನೋಡು, ಪಾಠವೇ ಮಾಡಿಬಿಟ್ಟೆ. ನನ್ನ ಮನಸ್ಸಿನಲ್ಲಿರುವುದು ಒಂದು ಭಯ ಅಷ್ಟೇ. ನೀನು ಒಳ್ಳೆಯವಳು, ನೇರ ನಡೆಯವಳು, ಹಾಗಿದ್ದರೂ ಬದುಕು ಉದ್ದ ಇದೆ. ಒಂದು ದಿನ ನೀನೂ ಏನಾದರೂ ಮಾಡಿಬಿಡಬಹುದು. ದುಡ್ಡಿನ ವಿಷಯ ಅಂತ ಅಲ್ಲ, ಯಾವುದೋ ಸುಳ್ಳು, ಯಾರಿಗೋ ಮಾಡಿದ ಮೋಸ, ಹೇಳಿಕೊಳ್ಳಲಾಗದಂಥದ್ದು. ಅವತ್ತು ನೀನು ಈಗ ಹಾಕಿದ ಗೆರೆಯನ್ನೇ ನಿನಗೂ ಹಾಕಿಕೊಳ್ಳುತ್ತೀಯ. ನಾನು ಯಾವತ್ತೂ ನಿಜವಾದವಳಾಗಿರಲೇ ಇಲ್ಲ ಅಂತ ನಿನ್ನನ್ನೇ ಹೊಡೆದು ಹಾಕಿಕೊಳ್ಳುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು, ಬೇರೆಯವರಿಗಿಂತ ನಿನ್ನ ಮೇಲೆ ನೀನು ಜಾಸ್ತಿ ಕಠಿಣ. ಅಷ್ಟು ದೂರದ ಊರಲ್ಲಿ ಒಬ್ಬಳೇ ಕೂತು ಹಾಗೆ ಅಂದುಕೊಂಡರೆ, ಯಾರಿಗೂ ಫೋನ್ ಮಾಡದೆ ಹೋದರೆ ಅನ್ನುವ ಯೋಚನೆ ಬಂದಾಗ ನಾನು ಎದ್ದು ಕೂರುತ್ತೇನೆ. ಅಪ್ಪ ಬೈಯುತ್ತಾರೆ, ಮಲಗು ಅಂತ. ಮತ್ತೆ ಅದೇ ಬರುತ್ತದೆ. ಯೇಸುವಿನ ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಗುರುವಿಗೆ ಬೆನ್ನು ತಿರುಗಿಸಿದವರು. ಪೇತ್ರ ಅತ್ತು ಗೆಳೆಯರ ಹತ್ತಿರ ವಾಪಸ್ ಬಂದ, ಯೂದ ಬರಲಿಲ್ಲ. ನನ್ನ ಮಗಳಿಗೆ ವಾಪಸ್ ಬರುವ ದಾರಿ ಗೊತ್ತಿರಲಿ ಅಂತ ಇಷ್ಟೆಲ್ಲ ಬರೆದೆ. ಅಂಥ ದಿನ ಬಂದರೆ ಮೊದಲು ಅಮ್ಮನಿಗೆ ಹೇಳು. ನಾನು ಬೈಯುತ್ತೇನೆ, ಚೆನ್ನಾಗಿಯೇ ಬೈಯುತ್ತೇನೆ. ಆದರೂ ಹೇಳು.

ಅವತ್ತು ನಾನು ಅವರ ಮನೆಗೆ ಹೋದ ವಿಷಯ ನಿನಗೆ ಹೊರಗಿನವರ ಬಾಯಿಂದ ಗೊತ್ತಾಯಿತು, ಅದಕ್ಕೆ ಬೇಜಾರಿದೆ. ಚರ್ಚಿಗೆ ಹೋಗು ಅಂತ ಬಲವಂತ ಮಾಡುವುದಿಲ್ಲ, ಮನಸ್ಸು ಬಂದಾಗ ಹೋಗು. ಸ್ವೆಟರ್ ಮೇಲೆ ಜಾಕೆಟ್ ಹಾಕಿಕೋ, ಸುಮ್ನೆ ಸ್ಟೈಲ್ ಮಾಡಬೇಡ.

ಇನ್ನೊಂದು ಕೆಲಸ. ಆ ನರ್ಸಿಂಗ್ ಹುಡುಗಿಯ ಎರಡನೇ ಕಂತಿನ ಫೀಸು ಈ ತಿಂಗಳೇ ಕಟ್ಟಬೇಕು. ನಿನ್ನ ಉಳಿತಾಯದಿಂದ ಸ್ವಲ್ಪ ಕೊಡುತ್ತೇನೆ ಅಂತ ಅಪ್ಪನ ಹತ್ತಿರ ಹೇಳಿದೆಯಂತೆ. ಕೊಡು, ಆದರೆ ನಿಧಿಗೆ ಬೇಡ, ನನ್ನ ಕೈಗೂ ಬೇಡ, ನೇರವಾಗಿ ಕಾಲೇಜಿಗೇ ಕಟ್ಟು. ಉಳಿದದ್ದನ್ನು ನಾನೂ ಅಪ್ಪನೂ ಸೇರಿಸುತ್ತೇವೆ. ಅಕೌಂಟ್ ವಿವರ ಅವಳ ಅಮ್ಮನಿಂದ ಕೇಳಿ ಸಂಜೆ ಕಳಿಸುತ್ತೇನೆ. ಕಟ್ಟಿದ ಮೇಲೆ ರಸೀದಿಯ ಫೋಟೋ ಈ ಸಲ ನನಗೇ ಹಾಕು.

ನಿನ್ನ ಅಮ್ಮ
ಮೈಸೂರು